ದೇವರ ತಲೆಯ ಮೇಲಿನ ಮಣ್ಣು

ಅವ್ವ ಗುಡಿಯ ಕಸ ಹೊಡೆದು ಬಂದವಳು ಆ ದಿನ ಪಾರಿವಾಳಗಳನ್ನು ಬೈಯುತ್ತಲೇ ಮನೆಯೊಳಗೆ ಕಾಲಿಟ್ಟಳು. ಎಷ್ಟು ಸಲ ಗುಡಿಸಿದರೂ ನಡುಮಂಟಪದ ಹಾಸುಗಲ್ಲಿನ ಮೇಲೆ ಅದೇ ಜಾಗದಲ್ಲಿ ಬೂದಿಯಂಥ ಸಣ್ಣ ಮಣ್ಣು ಬಿದ್ದಿರುತ್ತದಂತೆ. ಹಾಳಾದ ಹಕ್ಕಿಗಳು ಮೇಲೆ ಕೂತು ಕೆದರುತ್ತವೆ ಎಂಬುದು ಅವಳ ತೀರ್ಮಾನ. ನನ್ನ ಸ್ವಭಾವವೋ, ಕಿವಿಗೆ ಬಿದ್ದದ್ದನ್ನು ಕಣ್ಣಿಂದ ನೋಡಿ ಬರುವ ತನಕ ಕೂತಲ್ಲಿ ಕೂರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೆ. ಅದನ್ನು ಅವ್ವನ ಪಾಲಿಗೆ ಬಿಟ್ಟು ಚಪ್ಪಲಿ ಮೆಟ್ಟಿದೆ.

"ಹಾಲ ಉಕ್ಕತೈತಿ, ಈಗೆಲ್ಲಿಗೆ ಹೊಂಟಿ?"

"ನಿನ್ನ ಪಾರಿವಾಳ ನೋಡಾಕ."

ಮಣ್ಣು ಬಿದ್ದದ್ದು ನಿಜ. ಆದರೆ ಅದು ಹಾಸುಗಲ್ಲಿನ ಮೇಲೆ ನೆಟ್ಟಗೆ ಒಂದು ಗೆರೆಯಾಗಿ ಬಿದ್ದಿತ್ತು. ಪಾರಿವಾಳ ಸ್ಕೇಲು ಹಿಡಿದು ಕೆದರುವುದನ್ನು ನಾನಂತೂ ಕಂಡಿಲ್ಲ. ಮೊಬೈಲಿನ ಬೆಳಕು ಮೇಲಕ್ಕೆ ಹಿಡಿದೆ. ಮುಂದಿನ ಎರಡು ಕಂಬಗಳ ನೆತ್ತಿಗೆ ಅಡ್ಡಲಾಗಿ ಮಲಗಿದ ಕಲ್ಲಿನ ತೊಲೆ, ನಡುವೆ ಸೀಳಿತ್ತು. ಸೀಳಿ ತುಸು ಕೆಳಗೆ ಕುಸಿದಿದ್ದರಿಂದ ಅದರ ಮೇಲಿನ ಚಪ್ಪಡಿಗಳ ಸಂದು ಬಾಯಿ ತೆರೆದಿತ್ತು. ಮಣ್ಣು ಉದುರುತ್ತಿದ್ದದ್ದು ಅಲ್ಲಿಂದ. ಮಣ್ಣಿನ ಗೆರೆಯ ಪಕ್ಕದಲ್ಲೇ ಅವ್ವನ ಚಾಪೆ ಸುತ್ತಿ ಕಂಬಕ್ಕೆ ಆನಿಸಿತ್ತು. ಕಸ ಹೊಡೆದ ಮೇಲೆ ಮಧ್ಯಾಹ್ನವೆಲ್ಲ ಅವಳು ಕೂರುವುದು ಅಲ್ಲಿಯೇ, ಆ ತೊಲೆಯ ನೇರ ಕೆಳಗೆ, ಹತ್ತಿ ಹಿಡಿದು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ.

ಚಾಪೆಯನ್ನು ಎತ್ತಿ ಹೊರಗೆ ಮುಖಮಂಟಪದಲ್ಲಿಟ್ಟು ಬಂದೆ. ಮರುದಿನ ನೋಡಿದರೆ ಚಾಪೆ ಮತ್ತೆ ಅದೇ ಕಂಬದ ಪಕ್ಕಕ್ಕೆ ಬಂದಿತ್ತು.

ನಮ್ಮೂರು ಸಾಂಗ್ಲಿ ಜಿಲ್ಲೆಯ ಗಡಿಯಂಚಿನ ಜತ್ತ ತಾಲೂಕಿನಲ್ಲಿ, ಬಿಳೂರಿನ ಕಡೆಗೆ. ನಾನು ಜತ್ತದ ಸಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ, ಊರಿನ ಕೆಲವರಿಗೆ ನಾನು ಬಾಯಾರು. ದಿನಾ ಹೋಗಿ ಬರುವುದು ಸ್ಕೂಟಿಯ ಮೇಲೆ. ಈ ಗುಡಿಯನ್ನು ನಾನು ನಡೆಯಲು ಕಲಿತಾಗಿನಿಂದ ಬಲ್ಲೆ, ಚಿತ್ರ ತೆಗೆಯಲು ಕಲಿತಾಗಿನಿಂದ ತೆಗೆಯುತ್ತಲೇ ಇದ್ದೇನೆ. ದೊಡ್ಡ ಗುಡಿಯೇನಲ್ಲ. ಶಿವಲಿಂಗವಿರುವ ಗರ್ಭಗುಡಿ, ಅದರ ಮುಂದೆ ಒಬ್ಬರು ನಿಲ್ಲುವಷ್ಟು ಅಂತರಾಳ, ಆಮೇಲೆ ನಾಲ್ಕು ಕಂಬಗಳ ನಡುಮಂಟಪ, ಹೊರಗೊಂದು ಮುಖಮಂಟಪ. ಬಾಗಿಲು ಎಷ್ಟು ಕುಳ್ಳೆಂದರೆ ಊರ ಗೌಡನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಗೋಡೆ ಇಲ್ಲಿಯ ಕರಿಕಲ್ಲಿನದು. ಒಳಗೊಂದು ಹೊರಗೊಂದು ಪದರು, ನಡುವೆ ಕಲ್ಲುಚೂರು ತುಂಬಿದ ದಪ್ಪ ಗೋಡೆ. ಸುಣ್ಣವಿಲ್ಲ, ಗಾರೆಯಿಲ್ಲ. ಕಲ್ಲನ್ನು ಕಲ್ಲಿನ ಮೇಲೆ ತೂಕದಿಂದಲೇ ಕೂರಿಸಿದ್ದಾರೆ. ನಡುವಿನ ನಾಲ್ಕು ಕಂಬ ಮಾತ್ರ ಎಲ್ಲಿಂದಲೋ ತಂದ ನುಣುಪು ಕಲ್ಲಿನವು, ತಿರುಗಣಿಗೆ ಕೊಟ್ಟು ತಿರುವಿದಂಥವು. ಕಂಬಕ್ಕೆ ಮುಖ ಹತ್ತಿರ ತಂದರೆ ಮುಖ ಕಾಣುತ್ತಿತ್ತು ಎಂದು ಅಪ್ಪ ಹೇಳುತ್ತಾನೆ. ಈಗ ಕಾಣುವುದು ಎಣ್ಣೆ ಬಣ್ಣ. ಹರಕೆ ಹೊತ್ತವರೆಲ್ಲ ಒಂದೊಂದು ಡಬ್ಬಿ ಬಣ್ಣ ತಂದು ಬಳಿದು ಪುಣ್ಯ ಕಟ್ಟಿಕೊಂಡಿದ್ದಾರೆ. ಒಂದು ಕಂಬದ ಮೇಲೆ ಗುಲಾಬಿ, ಅದರಡಿ ಹಸಿರು, ಅದರಡಿ ಬೆಳ್ಳಿ ಬಣ್ಣ. ಉಗುರಿನಿಂದ ಕೆರೆಯುವ ಚಟ ನನಗಿದೆ, ಅವ್ವ ಕೈಗೆ ಹೊಡೆಯುತ್ತಾಳೆ.

ನೋಡಲು ಬರುವವರೂ ಇದ್ದಾರೆ. ಮರಾಠಿ ಮಾಸ್ತರರು ಬಂದರೆ ಇದು ಯಾದವರ ಕಾಲದ್ದು ಎನ್ನುತ್ತಾರೆ, ವಿಜಯಪುರದ ಕಡೆಯಿಂದ ಬಂದವರು ಕಲ್ಯಾಣದ ಚಾಲುಕ್ಯರದು ಎನ್ನುತ್ತಾರೆ. ಎರಡೂ ಗುಂಪಿನವರು ವಾದ ಮಾಡಿ, ಫೋಟೊ ತೆಗೆದು, ಚಹಾ ಕುಡಿದು ಹೋಗುತ್ತಾರೆ. ಬಗ್ಗಿ ಪಾಯ ನೋಡಿದವರನ್ನು ಕಾಣೆ. ನಡುಮಂಟಪದ ಪಾಯಕ್ಕೆ ಕಡೆದ ಪಟ್ಟಿಗಳು ಮುಖಮಂಟಪದ ಪಟ್ಟಿಗಳಿಗೆ ಕೂಡುವುದೇ ಇಲ್ಲ. ಬೆರಳುದ್ದ ಮೇಲೆ ಕೆಳಗೆ ಆಗಿವೆ. ಅಂದರೆ ಒಳಗಿನದನ್ನು ಒಂದು ಕಾಲದವರು ಕಟ್ಟಿದರು, ಹೊರಗಿನದನ್ನು ಆಮೇಲಿನವರು ತಂದು ಅಂಟಿಸಿದರು. ಇಬ್ಬರದೂ ಸರಿ, ಜಗಳವೇ ದಂಡ. ಇದನ್ನು ಹೇಳಿದರೆ ಎರಡೂ ಕಡೆಯವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಬಾಗಿಲ ಬಲಕ್ಕೆ ಒಂದು ಶಾಸನದ ಕಲ್ಲಿದೆ. ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡಿಸುವ ಆಕಳು. ಕೆಳಗೆ ಹಳಗನ್ನಡದ ಅಕ್ಷರ, ಅದರ ಮೇಲೂ ಬೆಳ್ಳಿ ಬಣ್ಣ. ಸಾಲೆಗೆ ರಜೆಯಿದ್ದಾಗ ಹಾಳೆ ಹಚ್ಚಿ ಬಟ್ಟೆಯಿಂದ ತಟ್ಟಿ ತಟ್ಟಿ ಒಂದಷ್ಟು ಬಿಡಿಸಿಕೊಂಡಿದ್ದೇನೆ. ಯಾರೋ ಭೂಮಿ ಬಿಟ್ಟಿದ್ದಾರೆ, ಯಾವುದಕ್ಕೆಂದರೆ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಆ ಕಾಲದ ಎಷ್ಟೋ ಶಾಸನಗಳಲ್ಲಿ ಬರುವ ಮಾತೇ ಇದು. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಮಾಡಲಿಕ್ಕೆ. ಹೊಸದಾಗಿ ಕಟ್ಟಿದ ದಿನವೇ ಇದು ಮುಂದೊಂದು ದಿನ ಬಿರಿಯುತ್ತದೆ ಎಂದು ಒಪ್ಪಿಕೊಂಡ ಜನ ಅವರು. ನಮ್ಮವರಿಗೆ ಬಿರುಕು ತೋರಿಸಿದರೂ ಒಪ್ಪುವುದಿಲ್ಲ.

ತೊಲೆಯ ಫೋಟೊಗಳನ್ನು ಸಾಂಗ್ಲಿಯಲ್ಲಿರುವ ನನ್ನ ಗೆಳತಿಗೆ ಕಳಿಸಿದೆ. ಅವಳು ಕಟ್ಟಡಗಳ ಎಂಜಿನಿಯರು. ಅವಳು ಕೇಳಿದ್ದು ಒಂದೇ: ತೊಲೆಯ ಮೇಲೆ ಏನು ಹೇರಿದ್ದೀರಿ? ಆಗ ನಾನು ಏಣಿ ಹಾಕಿ ಮೇಲೆ ಹತ್ತಿದೆ. ಹತ್ತಿ ನಿಂತು ತಲೆ ಚಚ್ಚಿಕೊಳ್ಳುವಂತಾಯಿತು.

ನಮ್ಮ ಕಡೆ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಬೇಸಿಗೆ ಮುಗಿಯುವಾಗ ಮಾಳಿಗೆಗೆ ಬಿಳಿಯ ಜಿಗುಟು ಮಣ್ಣು ಏರಿಸಿ, ಹಲಗೆಯಿಂದ ಬಡಿದು ಗಟ್ಟಿ ಮಾಡದಿದ್ದರೆ ಮಳೆಗಾಲದಲ್ಲಿ ಮನೆ ಸೋರುತ್ತದೆ. ಮನೆಗೆ ಮಾಡಿದ್ದನ್ನು ದೇವರಿಗೆ ಮಾಡದಿರುತ್ತಾರೆಯೇ? ರೋಹಿಣಿ ಮಳೆ ಕೂಡುವ ಮುಂಚಿನ ಸೋಮವಾರ ಊರಿನ ಪ್ರತಿ ಮನೆಯಿಂದ ಒಂದು ಬುಟ್ಟಿ ಮಣ್ಣು ಗುಡಿಯ ಮೇಲೆ ಹೋಗಬೇಕು. ಹೆಣ್ಣುಮಕ್ಕಳು ಹೊತ್ತು ತರುತ್ತಾರೆ, ಗಂಡಸರು ಏಣಿಯಲ್ಲಿ ನಿಂತು ಕೈಯಿಂದ ಕೈಗೆ ಏರಿಸುತ್ತಾರೆ, ಗಾರೆ ಕೆಲಸದ ಗೌಂಡಿ ಕಾಕಾ ಮೇಲೆ ನಿಂತು ಬಡಿಯುತ್ತಾನೆ. ಅವರದು ಮುಸಲ್ಮಾನರ ಮನೆ. ಗುಡಿಯ ಮಾಳಿಗೆ ಬಡಿಯುವ ಹಕ್ಕು ತಲೆತಲಾಂತರದಿಂದ ಅವರದೇ, ಒಂದು ಬುಟ್ಟಿ ಮಣ್ಣೂ ಅವರ ಮನೆಯಿಂದ ಬರುತ್ತದೆ. ಹರಕೆ ಇದ್ದವರದು ಇನ್ನೊಂದು ಬುಟ್ಟಿ ಹೆಚ್ಚು. ಈಗ ಊರಿನ ಮನೆಗಳಿಗೆಲ್ಲ ಸ್ಲ್ಯಾಬು ಬಿದ್ದಿವೆ. ಮಣ್ಣು ಏರಿಸಲು ಉಳಿದಿರುವುದು ದೇವರ ತಲೆಯೊಂದೇ. ಹಾಗಾಗಿ ಉತ್ಸಾಹವೆಲ್ಲ ಅಲ್ಲಿಗೇ ಬಂದು ಬುಟ್ಟಿಗಳು ದೊಡ್ಡವಾಗಿವೆ, ಸಾಂಗ್ಲಿ ಮಿರಜದಲ್ಲಿರುವವರು ಕೂಡ ಬಂದು ಹೊತ್ತು ಹೋಗುತ್ತಾರೆ.

ಏರಿಸುವುದು ಎಲ್ಲರಿಗೂ ಗೊತ್ತು. ಇಳಿಸುವುದು ಯಾರಿಗೂ ಗೊತ್ತಿಲ್ಲ. ಹಳೆಯ ಮಣ್ಣು ಕೆರೆದು ಹೊಸದು ಹಾಕಬೇಕೆಂದು ಯಾರೂ ನೆನಪಿಟ್ಟಿರಲಿಲ್ಲ. ನಾನು ಒಂದು ಮೂಲೆಯಲ್ಲಿ ಸಲಾಕೆಯಿಂದ ತೋಡುತ್ತ ಹೋದೆ, ಚಪ್ಪಡಿ ತಾಗುವಷ್ಟರಲ್ಲಿ ಗುಂಡಿ ನನ್ನ ಸೊಂಟದಷ್ಟಾಗಿತ್ತು. ಮಣ್ಣು ಕೆಳಗೆ ಜಾರಬಾರದೆಂದು ಅಂಚಿಗೆ ತಲೆಮಾರಿಗೊಂದು ಸಾಲು ಕಲ್ಲು ಏರಿಸುತ್ತ ಬಂದಿದ್ದಾರೆ. ಆ ಅಂಚುಗಲ್ಲನ್ನು ನಾನು ಮೂಲ ಕಟ್ಟಡದ್ದೇ ಕೈಗೋಡೆ ಎಂದು ತಿಳಿದು ಎಷ್ಟು ಚಿತ್ರಗಳಲ್ಲಿ ಚೆಂದಗೆ ಬರೆದಿದ್ದೆನೋ! ಭಕ್ತಿಯಿಂದಲೇ ಒಂದೊಂದು ಬುಟ್ಟಿ ಹಾಕಿ ಹಾಕಿ ನಾವು ದೇವರ ಬೆನ್ನು ಮುರಿಯುತ್ತಿದ್ದೆವು. ಒಣಗಿದ ಮಣ್ಣೇ ಇಷ್ಟು ಭಾರವೆಂದರೆ ಮಳೆ ನೆನೆದ ಮೇಲೆ?

"ಮಳೆಗೆ ಮೊದಲು ಇಳಿಸಿ. ಅಷ್ಟರೊಳಗೆ ಆ ತೊಲೆಯ ಕೆಳಗೆ ಯಾರನ್ನೂ ಕೂರಿಸಬೇಡ," ಎಂದಳು ಗೆಳತಿ.

ಎರಡನೆಯದೇ ಕಷ್ಟದ ಕೆಲಸವಾಗಿತ್ತು.

ಗುಡಿಯ ಹಿರಿಯರು ಮುಖಮಂಟಪದ ಕಲ್ಲಿನ ಒರಗುಪೀಠದಲ್ಲಿ ಸಂಜೆ ಕೂತಿರುತ್ತಾರೆ. ಆ ಪೀಠಕ್ಕೆ ಬೆನ್ನು ಆನಿಸಲು ಹದವಾಗಿ ಇಳಿಜಾರು ಕೊಟ್ಟು ಕಡೆದಿದ್ದಾರೆ; ಒಮ್ಮೆ ಒರಗಿದವರು ಏಳುವ ಮಾತೇ ಇಲ್ಲ. ನಾನು ನಿಂತೇ ಮಾತಾಡಿದೆ. ನಮ್ಮ ಪೈಕಿಯ ದೊಡ್ಡಪ್ಪ, ಗುಡಿಯ ಕಾರಭಾರಿ, ನಕ್ಕ.

"ಇಷ್ಟ ನೂರ ವರ್ಷ ನಿಂತ ಗುಡಿ ಐತಿ ತಂಗಿ. ನೀ ನೋಡಿದಿ ಅಂತ ಬೀಳತೈತೇನು? ಕುಂದ್ರು, ಚಾ ಕುಡಿ."

"ಕುಂದ್ರಾಕ ಬಂದಿಲ್ಲ ದೊಡ್ಡಪ್ಪ. ಮ್ಯಾಲಿನ ಮಣ್ಣ ಇಳಸ್ರಿ."

ನಗು ನಿಂತಿತು. ಗೌಂಡಿ ಕಾಕಾ ಕೈಯಲ್ಲಿದ್ದ ಬೀಡಿ ಆರಿಸಿದ. ಅವನಿಗೆ ನಾನು ಅವನ ಬಡಿತಕ್ಕೇ ಕಲ್ಲು ಬಿರಿಯಿತು ಎಂದು ಹೇಳಿದಂತೆ ಕೇಳಿಸಿತ್ತು.

"ನಮ್ಮಪ್ಪ ಬಡದಾನ್ರಿ ಬಾಯಾರ, ನಾ ಬಡದೀನಿ. ಇವತ್ತಿಗೂ ಒಂದ ಹನಿ ಸೋರಿಲ್ಲ," ಎಂದ. "ತ್ವಲಿಗೆ ಜಾಕ್ ಹಚ್ಚತೀನ್ರಿ, ಸೆಂಟ್ರಿಂಗಿಂದು ಅದಾವು. ಆದ್ರ ಮಣ್ಣಿಗೆ ಮದ್ಲ ನಾ ಕೈ ಹಚ್ಚಾಂಗಿಲ್ಲ. ಏರಿಸಿದವ್ರು ಇಳಸ್ಲಿ."

ದೊಡ್ಡಪ್ಪ ನಿಧಾನಕ್ಕೆ ಹೇಳಿದ. "ಅದು ಬರೇ ಮಣ್ಣಲ್ಲವಾ. ಯಾರದೋ ಕೂಸಿಂದು, ಯಾರದೋ ಕುಂಕುಮದ್ದು. ಹರಕಿ ಮಣ್ಣ ಇಳಸಂತ ನಾ ಯಾವ ಬಾಯಿಲೆ ಹೇಳ್ಲಿ? ನಿಮ್ಮವ್ವಂದೂ ಐತಿ ಅಲ್ಲಿ. ಆಕಿ ತನ್ನದ ಇಳಸ್ಲಿ ಮದ್ಲ. ಆಮ್ಯಾಲ ಊರೆಲ್ಲಾ ಬರತೈತಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವ್ವನ ಹರಕೆಯನ್ನು ಊರೆಲ್ಲ ಬಲ್ಲದು, ಏಕೆಂದರೆ ಆ ಹರಕೆಯೇ ನಾನು.

ನಾನು ಕೂಸಾಗಿದ್ದಾಗ ಜ್ವರ ಬಂದು ಕಾಲು ಸೋತವಂತೆ. ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದವಳು ಮತ್ತೆ ನಿಲ್ಲಲಿಲ್ಲ. ಅವ್ವ ಆಗ ನನ್ನೊಡನೆ ಬಾದಾಮಿ ಕಡೆಯ ತನ್ನ ತವರಿನಲ್ಲಿದ್ದಳು. ಅಲ್ಲಿಯ ಆಸ್ಪತ್ರೆಯಲ್ಲಿ ತೋರಿಸಿ, ನನ್ನನ್ನು ಬಗಲಲ್ಲಿ ಎತ್ತಿಕೊಂಡು, ತವರುಮನೆಯ ಹಿತ್ತಿಲಿನ ಕೆಂಪು ಮಣ್ಣನ್ನು ಗಂಟು ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು. ಮನೆಗೂ ಬರದೆ ನೇರ ಗುಡಿಗೆ ಹೋಗಿ, ಆ ಮಣ್ಣು ಮೇಲೇರಿಸಿ ಬೇಡಿಕೊಂಡಳು: ಈ ಮಣ್ಣು ನಿನ್ನ ತಲೆಯ ಮೇಲಿರುವ ತನಕ ನನ್ನ ಮಗಳು ಕಾಲ ಮೇಲಿರಲಿ, ವರ್ಷ ವರ್ಷ ಒಂದು ಬುಟ್ಟಿ ಹೆಚ್ಚು ಹಾಕುತ್ತೇನೆ. ಔಷಧ ಹತ್ತಿತೋ, ದೇವರು ಕೇಳಿದನೋ, ಮಳೆಗಾಲ ಮುಗಿಯುವಷ್ಟರಲ್ಲಿ ನಾನು ನಡೆದೆ. ಅಂದಿನಿಂದ ನಿಂತಿಲ್ಲ. ಊಟಕ್ಕೆ ಕೂತರೂ ನಡುವೆ ಎರಡು ಸಲ ಏಳುತ್ತೇನೆ. ಪಾಠ ಮಾಡುವಾಗ ಬೆಂಚುಗಳ ನಡುವೆ ತಿರುಗುವುದನ್ನು ನೋಡಿ ಮಕ್ಕಳಿಗೆ ತಲೆ ತಿರುಗುತ್ತದೆ. ನನ್ನನ್ನು ನೋಡಲು ಬಂದ ಗಂಡುಗಳ ಮುಂದೆಯೂ ನನಗೆ ನೆಟ್ಟಗೆ ಕೂರಲಾಗಲಿಲ್ಲ. ಮದುವೆ ಆಗಲಿಲ್ಲ, ಅದರ ಬಗ್ಗೆ ನನಗೆ ದುಃಖವೂ ಇಲ್ಲ. "ನಡೀಲಿ ಅಂತ ಬೇಡ್ಕೊಂಡೆ. ಕುಂದ್ರಲಿ ಅಂತ ಬೇಡ್ಕೊಳ್ಳೂದ ಮರತ ಬಿಟ್ಟೆ," ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಾಳೆ.

ಆ ಅವ್ವನಿಗೆ ಈಗ ಮಣ್ಣು ಇಳಿಸು ಎಂದು ಹೇಳಬೇಕಿತ್ತು.

ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಬಡಿಯುತ್ತಲೇ ಇದ್ದಳು. ನಾನು ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತ ತೊಲೆ, ಭಾರ, ಮಳೆ ಎಲ್ಲವನ್ನೂ ವಿವರಿಸಿದೆ. ಹಿಟ್ಟಿನ ಮೇಲೆ ಬೆರಳಿಂದ ಚಿತ್ರ ಬರೆದೂ ತೋರಿಸಿದೆ.

"ಮುಗೀತನ?" ಎಂದಳು.

"ಮುಗೀತು."

"ಆ ಮಣ್ಣ ಅಲ್ಲಿರೂ ಮಟಾ ನಿನ್ನ ಕಾಲು. ಇಳಸಿದ ದಿನಾ ನಿನಗೇನರ ಆದ್ರ ನನಗ್ಯಾರ ಕೊಡ್ತಾರ?"

"ನೀ ಅದರ ಕೆಳಗ ಕುಂದ್ರತಿ. ಅದು ಬಿದ್ದು ನಿನಗೇನರ ಆದ್ರ ನನಗ್ಯಾರ ಕೊಡ್ತಾರ?"

"ನನ್ನ ಮ್ಯಾಲ ಬೀಳಾಂಗಿಲ್ಲ. ಇಷ್ಟ ವರ್ಷ ಆತನ ಕಸಾ ಹೊಡದೀನಿ."

ಈ ಮಾತಿಗೆ ಯಾವ ಎಂಜಿನಿಯರ ಹತ್ತಿರ ಉತ್ತರವಿದೆ? ನನಗೆ ಸಿಟ್ಟು ಬಂದು ಬಡಿಸಿಟ್ಟ ತಟ್ಟೆ ತಳ್ಳಿ ಹೊರಗೆ ಹೋದೆ. ಆಮೇಲೆ ಹಸಿವಾಗಿ ನಿಂತುಕೊಂಡೇ ಉಂಡೆ. ಅಪ್ಪ ಯಾರ ಪರವೂ ಮಾತಾಡಲಿಲ್ಲ. ಇಬ್ಬರು ಹೆಂಗಸರ ನಡುವೆ ಬಾಯಿ ಹಾಕುವ ತಪ್ಪನ್ನು ಅವನು ಮಾಡಿದವನೇ ಅಲ್ಲ.

ಗೆಳತಿ ಹೇಳಿದಂತೆ ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಚೂರು ಅಂಟಿಸಬೇಕಿತ್ತು. ತೊಲೆ ಒಂದಿಷ್ಟು ಸರಿದರೂ ಗಾಜು ಒಡೆದು ಹೇಳುತ್ತದೆ. ಗಾಜಿಗೆ ಎಲ್ಲಿ ಹೋಗಲಿ? ಗೂಡಿನಲ್ಲಿ ನಾನು ಚಿಕ್ಕಂದಿನಲ್ಲಿ ಆಡಿದ ಬಳೆಚೂರಿನ ಡಬ್ಬಿ ಇನ್ನೂ ಇತ್ತು. ಅದರಲ್ಲಿ ಒಂದು ಉದ್ದನೆಯ ಹಸಿರು ಚೂರು ಆರಿಸಿ, ಸಾಲೆಯಿಂದ ತಂದ ಪ್ಲಾಸ್ಟರ್ ಕಲಸಿ, ಏಣಿಯ ಮೇಲೆ ನಿಂತು ಬಿರುಕಿನ ಎರಡೂ ದಡಕ್ಕೆ ಕಚ್ಚಿಸಿದೆ. ಅವ್ವ ಕೆಳಗಿನಿಂದ ನೋಡುತ್ತಿದ್ದಳು.

"ನನ್ನ ಬಳಿ ಅದು," ಎಂದಳು. "ನೀ ಹುಟ್ಟಿದಾಗ ಹಾಕ್ಕೊಂಡಿದ್ದೆ."

"ಚಲೋ ಆತು. ನಿನ್ನ ಬಳೀನಽ ನಿನಗ ಹೇಳ್ಲಿ."

ಅದಾದ ಮೇಲೆ ನನ್ನ ಜೀವನ ಆ ಬಳೆಚೂರಿಗೆ ಕಟ್ಟುಬಿದ್ದಿತು. ಬೆಳಿಗ್ಗೆ ಸಾಲೆಗೆ ಹೋಗುವ ಮುಂಚೆ ನೋಡುವುದು, ಬಂದ ಕೂಡಲೇ ನೋಡುವುದು. ಮುಚ್ಚಂಡಿಯ ಕಡೆ ಒಂದು ಮೋಡ ಕಂಡರೆ ಸಾಲೆಯ ಕಿಟಕಿಯಲ್ಲೇ ನಿಂತುಬಿಡುತ್ತಿದ್ದೆ. ಎಲ್ಲರ ಹೊಲವೂ ಮಳೆಯನ್ನೇ ನಂಬಿದ ಊರು ನಮ್ಮದು. ಎಲ್ಲರೂ ಆಕಾಶ ನೋಡಿ ಬಾ ಎನ್ನುವಾಗ ನಾನೊಬ್ಬಳು ಮನಸ್ಸಿನಲ್ಲೇ ಬರಬೇಡ ಎನ್ನುತ್ತಿದ್ದೆ. ಇದು ಯಾರಿಗಾದರೂ ತಿಳಿದಿದ್ದರೆ ಊರು ಬಿಡಿಸುತ್ತಿದ್ದರು. ಗೌಂಡಿ ಕಾಕಾ ಸ್ಲ್ಯಾಬಿನಡಿ ಆನಿಸುವಂಥ ನಾಲ್ಕು ಕಬ್ಬಿಣದ ಜಾಕು ತಂದು ಗುಡಿಯ ಹೊರಗೆ ಮಲಗಿಸಿದ್ದ, ಒಳಗೆ ನಿಲ್ಲಿಸಲು ಹಿರಿಯರು ಹೂಂ ಅಂದಿರಲಿಲ್ಲ. ಜಾಕು ನಿಲ್ಲಿಸಿದರೆ ಬಿರುಕು ಒಪ್ಪಿಕೊಂಡಂತೆ. ಸಾಲೆಗೆ ಸೂಟಿ ಬಿದ್ದ ಮೇಲೆ ನನಗೆ ಇನ್ನೂ ಕಷ್ಟವಾಯಿತು. ಮನೆಯಿಂದ ಗುಡಿ, ಗುಡಿಯಿಂದ ಮನೆ. ಓಣಿಯ ನಾಯಿಗಳು ಸಹ ನನ್ನನ್ನು ಕಂಡು ತಲೆ ಎತ್ತುವುದನ್ನು ಬಿಟ್ಟವು.

ಮಣ್ಣೇರಿಸುವ ಸೋಮವಾರ ಹತ್ತಿರ ಬಂತು. ಕುಣಿಕೋಣೂರ ರಸ್ತೆಯ ಗುಂಡಿಯಿಂದ ಬಿಳಿ ಮಣ್ಣು ತಂದು ಜನ ಮನೆ ಮುಂದೆ ಗುಡ್ಡೆ ಹಾಕತೊಡಗಿದರು. ನಮ್ಮ ಮನೆಯ ಮುಂದೆಯೂ ಅವ್ವ ಎರಡು ಬುಟ್ಟಿ ತುಂಬಿಟ್ಟಳು, ಒಂದು ಮನೆಯದು, ಒಂದು ನನ್ನದು. ಅದನ್ನು ನೋಡಿದ ದಿನ ನನ್ನ ತಾಳ್ಮೆ ಕಿತ್ತುಹೋಯಿತು.

ಮಧ್ಯಾಹ್ನ ಗುಡಿಗೆ ಹೋದೆ. ಅವ್ವ ಎಂದಿನಂತೆ ಚಾಪೆ ಹಾಸಿ, ಮಡಿಲಲ್ಲಿ ಹತ್ತಿ ಇಟ್ಟುಕೊಂಡು ಕೂತಿದ್ದಳು. ಹೊರಗೆ ಧಗೆ, ಒಳಗೆ ಕಲ್ಲಿನ ತಂಪು. ಜಾಲಂಧ್ರದ ಕಲ್ಲಿನ ತೂತುಗಳಿಂದ ಬಿದ್ದ ಬೆಳಕು ಅವಳ ಸೀರೆಯ ಮೇಲಿತ್ತು. ನಾನು ಒಂದು ಮಾತೂ ಆಡದೆ ಅವಳ ಪಕ್ಕ, ತೊಲೆಯ ಕೆಳಗೆ, ಚಕ್ಕಳಮಕ್ಕಳ ಹಾಕಿ ಕೂತೆ.

"ಏನಿದು?" ಎಂದಳು.

"ಕುಂತೀನಿ."

"ಯಾಕ?"

"ನೀ ಏಳೂತನಕಾ ನಾ ಏಳಾಂಗಿಲ್ಲ. ನಾಳೆ ಬರ್ತೀನಿ, ನಾಡದ್ದೂ ಬರ್ತೀನಿ. ಮಳಿ ಬಂದ್ರೂ ಇಲ್ಲೇ ಕುಂದ್ರತೀನಿ. ನಿನ್ನ ದೇವರು ಇಬ್ಬರನೂ ನೋಡ್ಕೊಳ್ಳಲಿ."

ಅವಳು ನಕ್ಕಳು. ನಾನು ಹೆಚ್ಚು ಹೊತ್ತು ಕೂರುವವಳಲ್ಲ ಎಂದು ಅವಳಿಗೆ ಗೊತ್ತು. ಹತ್ತಿ ಬಿಡಿಸುತ್ತ ಕೂತಳು. ಕೂರುವುದು ಎಷ್ಟು ಕಷ್ಟದ ಕೆಲಸವೆಂದು ನನಗೆ ಆ ಮಧ್ಯಾಹ್ನ ತಿಳಿಯಿತು. ಕಾಲು ಜುಮ್ಮೆಂದಿತು. ಬೆನ್ನು ಬೇಡ ಎಂದಿತು. ಇರುವೆಯ ಸಾಲನ್ನು ನೋಡಿದೆ, ಕಂಬದ ಬಣ್ಣ ಕೆರೆದೆ, ಮೇಲೆ ಛತ್ತಿನ ನಡುವಿನ ಕಮಲದ ಎಸಳು ಎಣಿಸಿ ಲೆಕ್ಕ ತಪ್ಪಿದೆ. ಏಳಲಿಲ್ಲ. ಹೊತ್ತು ಇಳಿಯಿತು, ಜಾಲಂಧ್ರದ ಬೆಳಕು ಅವಳ ಸೀರೆಯಿಂದ ನನ್ನ ಮೊಣಕಾಲಿಗೆ ಬಂತು. ಅವ್ವ ಬತ್ತಿ ಹೊಸೆಯುವುದನ್ನು ಬಿಟ್ಟು ನನ್ನನ್ನು ನೋಡತೊಡಗಿದಳು. ನನ್ನನ್ನು ನೋಡುವುದು, ಮೇಲೆ ತೊಲೆ ನೋಡುವುದು. ಇಷ್ಟು ದಿನ ಅವಳು ಒಮ್ಮೆಯೂ ತಲೆ ಎತ್ತಿ ಅದನ್ನು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ಹೋಗವಾ, ಹೊರಗ ಗಾಳಿ ಐತಿ," ಎಂದಳು.

"ಇಲ್ಲೇ ತಂಪೈತಿ."

"ಚಾ ಮಾಡ ಹೋಗು."

"ನೀ ಬಾ, ಮಾಡ್ತೀನಿ."

ಮರುದಿನವೂ ಕೂತೆ. ಆ ದಿನ ಅವಳು ಬತ್ತಿ ಹೊಸೆಯಲೇ ಇಲ್ಲ. ಹೊರಗೆ ಬಿಸಿಗಾಳಿ ಎದ್ದು ಬಾಗಿಲಿನ ಘಂಟೆ ತಾನೇ ಅಲ್ಲಾಡುತ್ತಿತ್ತು. ಮೇಲಿನಿಂದ ಚಿಟ್ಟೆಂದು ಒಂದು ಸಣ್ಣ ಸದ್ದಾಯಿತು. ಅವ್ವನ ಮಡಿಲಿನ ಹತ್ತಿಯೊಳಗೆ ಏನೋ ಬಿತ್ತು. ಅವಳು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಹಸಿರು ಬಳೆಯ ಅರ್ಧ ಚೂರು.

"ಒಡೀತು," ಎಂದೆ.

"ಹೆಚ್ಚಿತು ಅನ್ನು," ಎಂದಳು ಅಭ್ಯಾಸದಿಂದ. ಗಂಡನಿದ್ದವಳ ಬಳೆಗೆ ಒಡೆಯಿತು ಎನ್ನಬಾರದು. ಆಮೇಲೆ ಮೇಲೆ ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದಳು. ಆ ಕೈಯಲ್ಲಿ ಅಷ್ಟು ಬಲವಿದ್ದದ್ದು ನನಗೆ ಗೊತ್ತಿರಲಿಲ್ಲ. "ಏಳು! ಏಳು ಮದ್ಲ! ಹೊರಗ ನಡಿ!"

ಕಾಲು ಜೋಮು ಹಿಡಿದು ನನಗೆ ಏಳಲಾಗಲಿಲ್ಲ. ಎದ್ದು ಮತ್ತೆ ಕುಸಿದೆ. ಅವ್ವ ಚೀರಿದಳು. ಆ ಒಂದು ಗಳಿಗೆಯಲ್ಲಿ ಅವಳ ಕಣ್ಣಿಗೆ ಕಂಡದ್ದು ಗೋಡೆ ಹಿಡಿದು ನಿಲ್ಲಲಾಗದ ಆ ಕೂಸೇ ಇರಬೇಕು. ನನ್ನ ಎರಡೂ ಬಗಲಿಗೆ ಕೈಕೊಟ್ಟು, ಎಳೆದುಕೊಂಡು, ಕುಳ್ಳ ಬಾಗಿಲಿಂದ ತಲೆ ತಗ್ಗಿಸಿ ಹೊರಗೆ ತಂದಳು. ಮುಖಮಂಟಪದಲ್ಲಿ ಒರಗಿದ್ದ ದೊಡ್ಡಪ್ಪ ಮತ್ತಿತರರು ಎದ್ದು ನಿಂತರು.

"ಜೋಮ ಹಿಡದೈತಿ ಅವ್ವಾ, ಏನಾಗಿಲ್ಲ," ಎನ್ನುತ್ತಲೇ ಇದ್ದೆ. ಅವಳು ಕೇಳಲಿಲ್ಲ. ನನ್ನ ಪಾದಗಳನ್ನು ತಿಕ್ಕಿದಳು, ತಿಕ್ಕಿದಳು. ನಾನು ಎದ್ದು ನಾಲ್ಕು ಹೆಜ್ಜೆ ಹಾಕಿ ತೋರಿಸಿದ ಮೇಲೆಯೇ ಉಸಿರು ಬಿಟ್ಟಳು. ಆಮೇಲೆ ದೊಡ್ಡಪ್ಪನತ್ತ ತಿರುಗಿದಳು.

"ಜಾಕ್ ನಿಂದ್ರಸ್ರಿ. ನಾ ಇಳಸ್ತೀನಿ ಮಣ್ಣ."

ದೊಡ್ಡಪ್ಪ ಗೌಂಡಿ ಕಾಕಾನಿಗೆ ಹೇಳಿಕಳಿಸಿದ.

ಜಾಕುಗಳು ನಿಂತವು. ಆ ಸೋಮವಾರ ಊರು ಮಣ್ಣೇರಿಸಲು ಬಂದು ಮಣ್ಣಿಳಿಸಿತು. ಅವ್ವ ಏಣಿ ಹತ್ತಿದಳು. ಕೆಳಗೆ ಅಪ್ಪ, ಮೇಲೆ ಗೌಂಡಿ ಕಾಕಾ. "ಸಾವಕಾಶ ಬರ್ರಿ ಅಕ್ಕಾರ," ಎನ್ನುತ್ತ ಅವನು ಕೈಕೊಟ್ಟ. ಮೊದಲ ಬೊಗಸೆ ಅವಳೇ ತುಂಬಿದಳು. ಆಮೇಲೆ ಎಲ್ಲರ ಕೈ ಬಿತ್ತು. ಹೆಂಗಸರು ಏರಿಸುವಾಗ ಹೇಳುವ ಹಾಡನ್ನೇ ಇಳಿಸುವಾಗಲೂ ಹೇಳಿದರು, ಬೇರೆ ಹಾಡು ಯಾರಿಗೆ ಗೊತ್ತು? ಮಣ್ಣನ್ನು ತುಳಿಯುವ ಜಾಗಕ್ಕೆ ಹಾಕಬಾರದೆಂದು ಗುಡಿಯ ಸುತ್ತಲಿನ ಬಿಲ್ವಪತ್ರಿ ಗಿಡಗಳ ಬುಡಕ್ಕೆ ಹಾಕಿದರು. ನನ್ನದು ಇದು, ನಿನ್ನದು ಅದು ಎಂದು ಇಬ್ಬರು ಸೊಸೆಯರು ಜಗಳವಾಡಿದರು. ಎಲ್ಲ ಬಿಳಿ ಮಣ್ಣೇ, ಯಾವುದು ಯಾರದೆಂದು ದೇವರಿಗೂ ಗೊತ್ತಾಗುತ್ತಿರಲಿಲ್ಲ. ಗೆಳತಿ ಫೋನಿನಲ್ಲಿ ಹೇಳುತ್ತಿದ್ದಳು, ಒಂದೇ ಕಡೆ ತೆಗೆಯಬೇಡಿ, ಎರಡೂ ಬದಿಯಿಂದ ಸಮ ತೆಗೆಯಿರಿ. ನಾನು ಮೇಲೆ ಆ ಬದಿಯಿಂದ ಈ ಬದಿಗೆ ಓಡಾಡುತ್ತ ಎಲ್ಲರ ಮೇಲೆ ಕೂಗಾಡಿದೆ. ಅಂದು ಮಾತ್ರ ಯಾರೂ ನನಗೆ ಕುಂದ್ರು ಎನ್ನಲಿಲ್ಲ.

ಮರುದಿನವೂ ಕೆಲಸ ನಡೆಯಿತು. ಮಧ್ಯಾಹ್ನದ ಹೊತ್ತಿಗೆ, ಗರ್ಭಗುಡಿಯ ಕಡೆಯ ಅಂಚಿನಲ್ಲಿ, ಮೊಣಕಾಲೆತ್ತರದ ಬಿಳಿ ಮಣ್ಣು ಉಳಿದಿದ್ದಲ್ಲಿ ನನ್ನ ಸಲಾಕೆ ನಿಂತಿತು. ಬಿಳಿಯ ನಡುವೆ ಅಂಗೈ ಅಗಲದ ಕೆಂಪು. ಸುತ್ತಲಿನ ಮಣ್ಣು ಬಿಡಿಸಿದೆ. ಒಂದು ಗಂಟಿನಷ್ಟು ಕೆಂಪು ಮಣ್ಣು, ಬಡಿದು ಬಡಿದು ರೊಟ್ಟಿಯಂತೆ ತಟ್ಟೆಯಾಗಿತ್ತು. ಬಾದಾಮಿಯ ಮಣ್ಣು. ಅದರ ಮೇಲಿದ್ದದ್ದು ನನ್ನ ವಯಸ್ಸಿನಷ್ಟು ಪದರು. ನಾನು ಅಲ್ಲೇ ಕೂತುಬಿಟ್ಟೆ. ಗೌಂಡಿ ಕಾಕಾ ನೋಡಿ ಸಲಾಕೆ ಕೆಳಗಿಟ್ಟ.

"ಸಿಕ್ತನ?" ಅವ್ವ ಕೆಳಗಿನಿಂದ ಕೂಗಿದಳು. ನಾವು ಸುಮ್ಮನಾದದ್ದರಿಂದಲೇ ಅವಳಿಗೆ ತಿಳಿದಿತ್ತು.

"ಸಿಕ್ತು."

ಕೈಯಿಂದಲೇ ಎತ್ತಿ ಎತ್ತಿ ಬುಟ್ಟಿಗೆ ತುಂಬಿದೆ. ಚೂರೂ ಬಿಡಲಿಲ್ಲ. ಬುಟ್ಟಿ ಕೈಯಿಂದ ಕೈಗೆ ಇಳಿದು ಅವ್ವನ ಮುಂದೆ ಬಂತು, ನಾನು ಏಣಿಯಿಂದ ಇಳಿದು ಬಂದೆ. ಅವಳು ಮಣ್ಣು ಮೂಸಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆಯೊಂದನ್ನು ಸಿಂಬೆ ಸುತ್ತಿ ನನ್ನ ತಲೆಯ ಮೇಲಿಟ್ಟಳು. ಅವಳೂ ದೊಡ್ಡಪ್ಪನೂ ಸೇರಿ ಬುಟ್ಟಿ ಎತ್ತಿ ಅದರ ಮೇಲೆ ಕೂರಿಸಿದರು.

"ಇಷ್ಟ ವರ್ಷ ದೇವರು ಹೊತ್ತಾನ," ಎಂದಳು. "ಇನ್ನ ನೀನಽ ಹೊತ್ಕೊಂಡ ನಡಿ. ಮನಿ ಮಟಾ. ನಾ ನೋಡ್ತೀನಿ."

ನನಗೆ ತಲೆಯ ಮೇಲೆ ಹೊತ್ತು ಅಭ್ಯಾಸವಿಲ್ಲ. ಒಂದು ಕೈ ಬುಟ್ಟಿಗೆ, ಕತ್ತು ನೆಟ್ಟಗೆ. ಲಗುಬಗೆ ಮಾಡಿದರೆ ಚೆಲ್ಲುತ್ತದೆ, ಅತ್ತಿತ್ತ ನೋಡಿದರೆ ವಾಲುತ್ತದೆ. ಜೀವಮಾನದಲ್ಲಿ ಮೊದಲ ಸಲ ನಮ್ಮ ಓಣಿಯಲ್ಲಿ ಒಂದೊಂದೇ ಹೆಜ್ಜೆ ಇಟ್ಟು ನಡೆದೆ. ಮುಚ್ಚಂಡಿಯ ಕಡೆ ಮೋಡ ಕಟ್ಟಿತ್ತು, ತಣ್ಣನೆಯ ಗಾಳಿ ಬೀಸುತ್ತಿತ್ತು. ಬಂದರೆ ಬರಲಿ ಎಂದುಕೊಂಡೆ. ಕುತ್ತಿಗೆ ನೋಯುತ್ತಿತ್ತು, ಬೆವರಿನ ಜೊತೆ ಕೆಂಪು ನೀರು ಕಿವಿಯ ಪಕ್ಕ ಇಳಿಯುತ್ತಿತ್ತು. ಹಿಂದೆ ಅವ್ವನ ಚಪ್ಪಲಿಯ ಸದ್ದು ಬರುತ್ತಿತ್ತು. ನಮ್ಮ ಮನೆಯ ತಿರುವಿನಲ್ಲಿ ಅದು ನಿಂತಿತು. ನನಗೆ ತಿರುಗಿ ನೋಡಲಾಗುತ್ತಿರಲಿಲ್ಲ. ಅವಳು ಗುಡಿಯ ಕಡೆ ಹೊರಳಿ ನಿಂತಿರಬೇಕು, ದನಿ ಆ ಕಡೆಗೆ ಹೋಯಿತು.

"ನಡ್ಯಾಕತ್ತಾಳ ನೋಡಪಾ," ಎಂದಳು.